ಬೆಚ್ಚಗಿದ್ದ ಮೊಣಕಾಲು

ರೋಗಿಯ ಮೊಣಕಾಲಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ, ಕೈ ಹೇಳಿದ್ದರ ಮೇಲೆ ಅಂಕಿಗಳ ಮಾತು ನಡೆಯಗೊಡುವುದಿಲ್ಲ ಎಂದು ನಾನು ಡಾಕ್ಟರ್ ಗುರುಸಿದ್ಧಪ್ಪನವರಿಗೆ ಮಾತು ಕೊಟ್ಟಿದ್ದೆ. ಅವರು ಮುಖ್ಯಸ್ಥರಾಗಿದ್ದ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ, ವೈದ್ಯೆಯಾಗಿ ಅದು ನನ್ನ ಮೊದಲ ವರ್ಷ.

ಆಗಷ್ಟೇ ಹೊಸ ಪದ್ಧತಿ ಬಂದಿತ್ತು. ನಾಡಿ, ಉಸಿರು, ರಕ್ತದೊತ್ತಡ, ಜ್ವರಗಳಿಗೆ ಅಂಕ ಕೊಟ್ಟು ಕೂಡಿಸಿದರೆ, ಸೋಂಕು ಮೈಯೆಲ್ಲ ಹರಡಿ ನಂಜಾಗುತ್ತಿದೆಯೇ ಎಂಬುದು ಬಣ್ಣದಲ್ಲಿ ತಿಳಿಯುತ್ತಿತ್ತು: ಹಸಿರು, ಹಳದಿ, ಕೆಂಪು. ಪರವ್ವ ಎಂಬ ಮಗ್ಗದ ಹೆಂಗಸಿಗೆ ಹಸಿರು ಬಂದಿತು, ಮನೆಗೆ ಕಳಿಸಹೊರಟೆ. ಸರ್ ತಡೆದು, ಆಕೆಯ ಮೊಣಕಾಲು ಮುಟ್ಟಿಸಿದರು. ತಣ್ಣಗಿತ್ತು, ಚರ್ಮದ ಮೇಲೆ ಬಲೆಯಂಥ ನೇರಳೆ ಗೆರೆಗಳು: ನಂಜಿನ ಗುರುತು. ಬಿ.ಪಿ. ಮಾತ್ರೆ ಆಕೆಯ ನಾಡಿ ಏರದಂತೆ ಹಿಡಿದಿಟ್ಟಿತ್ತು, ಅಂಕಗಳು ಮೋಸಹೋಗಿದ್ದವು. ಪರವ್ವ ಬದುಕಿದಳು. ಅವತ್ತೇ ನಾನು ಮಾತು ಕೊಟ್ಟದ್ದು.

ಎಷ್ಟೋ ವರ್ಷಗಳ ಮೇಲೆ, ನಿವೃತ್ತರಾಗಿದ್ದ ಸರ್ ತಾವೇ ರೋಗಿಯಾಗಿ ಬಂದರು. ಉರಿಮೂತ್ರ, ಚಳಿ.

“ಏನಿಲ್ಲ ತಂಗಿ, ಒಂದಿಷ್ಟು ಗುಳಗಿ ಬರದಕೊಡು. ಮನಿಯಾಗ ಮೊಮ್ಮಗಳು ಚದುರಂಗ ಹಾಸ್ಕೊಂಡು ಕುಂತಾಳ.”

ಮೊಣಕಾಲು ಮುಟ್ಟಿದೆ. ಬೆಚ್ಚಗಿತ್ತು, ಬಣ್ಣವೂ ಚೆನ್ನಾಗಿತ್ತು. ಅಷ್ಟರಲ್ಲಿ ನರ್ಸ್ ಹಸೀನಾ, “ಮೇಡಂ, ಕೆಂಪು ಬಂದೈತ್ರಿ. ಉಸಿರು ಭಾಳ ಜೋರೈತಿ, ಬಿ.ಪಿ. ಇಳದೈತಿ” ಎಂದಳು.

ಸರ್ ನಕ್ಕರು. “ಮೆಟ್ಟಲ ಹತ್ತಿ ಬಂದೀನಿ, ಉಸಿರು ಜೋರ ಇರೂದಿಲ್ಲೇನ? ಬಣ್ಣ ನೋಡಿ ನನ್ನ ಮಲಗಸ್ತಿಯೇನ? ನಿನ್ನ ಕೈ ಏನಂತೈತಿ?”

“ಮನಿಗೆ ಹೋಗ್ರಿ ಅಂತೈತ್ರಿ ಸರ್.”

“ಮತ್ತ?”

ನಾನು ಕೈ ತೆಗೆಯಲಿಲ್ಲ. ಚಳಿಯೆಂದು ನಡುಗುತ್ತ ಬಂದವರ ಕಾಲು ಇಷ್ಟೊಂದು ಬೆಚ್ಚಗಿರುವುದಾದರೂ ಏಕೆ? ನಂಜಿನ ಆರಂಭದಲ್ಲಿ ರಕ್ತನಾಳಗಳು ಸಡಿಲಗೊಂಡು ಮೈ ಬೆಚ್ಚಗೇ ಇರುವುದುಂಟು. ಓದಿ ತಿಳಿದಿದ್ದೆ. ಕೈಗೆ ಆ ಪಾಠ ಯಾರೂ ಮಾಡಿರಲಿಲ್ಲ, ಸರ್ ಕೂಡ.

“ಹಸೀನಾ, ಸಲೈನ್ ಹಚ್ಚು. ರಕ್ತ ತಗೊಂಡು ಆಂಟಿಬಯಾಟಿಕ್ ಶುರುಮಾಡು.”

“ಮಾತು ಕೊಟ್ಟಿದ್ದಿ ನೀ” ಎಂದು ಸರ್ ಗೋಡೆಯ ಕಡೆ ಮುಖ ತಿರುಗಿಸಿದರು.

ನನ್ನ ಮಗಳನ್ನು ಶಾಲೆಯಿಂದ ಕರೆತರಲು ನೆರೆಮನೆಯವರಿಗೆ ಹೇಳಿ ಅಲ್ಲೇ ಉಳಿದೆ. ಸಂಜೆಗೆ ಸರ್‌ಗೆ ನನ್ನ ಹೆಸರು ನೆನಪಾಗದಾಯಿತು. ಮೊಣಕಾಲು ತಣ್ಣಗಾಗಿ ನೇರಳೆ ಗೆರೆಗಳು ಮೂಡಿದವು. ಔಷಧಿ ಅದಕ್ಕೂ ಮೊದಲೇ ಅವರ ರಕ್ತ ಸೇರಿತ್ತು.

ಮುಂದಿನ ವಾರ ಮೊಮ್ಮಗಳು ಆಸ್ಪತ್ರೆಯ ಮಂಚದ ಮೇಲೆಯೇ ಚದುರಂಗ ಹಾಸಿದಳು. ಸರ್ ನನ್ನ ಕೈ ಎಳೆದು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡರು.

“ಈಗ ಏನಂತೈತಿ?”

“ಬೆಚ್ಚಗೈತಿ ಅಂತೈತ್ರಿ. ತಡೀರಿ, ಯಾವ ಬಣ್ಣ ಬಂದೈತಿ ಅಂತ ಹಸೀನಾನ್ನೂ ಕೇಳ್ತೀನಿ.”

ಅವರು ನಗುತ್ತ ಒಂದು ಕಾಲಾಳನ್ನು ಮುಂದೆ ಸರಿಸಿದರು. ಕೊಟ್ಟ ಮಾತನ್ನು ನಾನು ಮುರಿದಿದ್ದೆ.