ಭಾಲ್ಕಿ ರಸ್ತೆಯ ಗುರ್ಜಿ

ಬೀದರಿನಲ್ಲಿ ಸೈಕಲ್ ಹೊಡೆಯುವವರಿಗೇನೂ ಬರವಿರಲಿಲ್ಲ. ಹಾಲು ಹಾಕುವವರು, ಪೇಪರ್ ಹಾಕುವವರು, ಆ ವರ್ಷವಂತೂ ಎರಡೂ ಬದಿಗೆ ಕೊಡ ಕಟ್ಟಿಕೊಂಡು ನೀರಿಗಾಗಿ ಓಣಿ ಓಣಿ ಅಲೆಯುವವರು. ಆದರೆ ಏನೂ ಹೇರಿಕೊಳ್ಳದೆ, ಯಾವ ಕೆಲಸವೂ ಇಲ್ಲದೆ, ನಸುಕಿನಲ್ಲೆದ್ದು ಭಾಲ್ಕಿ ರಸ್ತೆ ಹಿಡಿದು ಹೋಗಿ, ಭಾಲ್ಕಿಯಲ್ಲಿ ಒಂದು ಚಹಾ ಕುಡಿದು, ಹೋದ ಹಾಗೇ ತಿರುಗಿ ಬರುವ ಮನುಷ್ಯ ಊರಿಗೆಲ್ಲ ಒಬ್ಬನೇ ಇದ್ದ: ಮಚ್ಛೇಂದ್ರ ಮಾಸ್ತರ. ಒಬ್ಬನೇ ಎನ್ನುವುದು ಪೂರ್ತಿ ಖರೆಯಲ್ಲ. ಚೌಬಾರಾದ ಹತ್ತಿರ ಕನ್ನಡಕದ ಅಂಗಡಿ ಇಟ್ಟಿದ್ದ ಅಮೀರ ಪಾಶಾನೂ ಜೊತೆಗೆ ಬರುತ್ತಿದ್ದ. ಆದರೆ ಪಾಶಾ ಒಂದು ದಿನ ಬಂದರೆ ನಾಲ್ಕು ದಿನ ಹಾಸಿಗೆ ಬಿಡದ ಪೈಕಿ.

ಮಚ್ಛೇಂದ್ರ ಪಿಯು ಕಾಲೇಜಿನಲ್ಲಿ ಭೂಗೋಳ ಹೇಳುತ್ತಿದ್ದ. ಮುಂಗಾರು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಿಂದ ಬರುತ್ತದೆ ಎಂದು ಹಲಗೆಯ ಮೇಲೆ ಬಾಣ ಎಳೆದು ತೋರಿಸುವವನು. ಎರಡು ವರ್ಷದಿಂದ ಮಳೆಗೆ ಆ ಬಾಣದ ನೆನಪಿದ್ದಂತಿರಲಿಲ್ಲ. ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆ ಅದು, ಕಾಲೇಜಿಗೆ ರಜೆ. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ಮೈ ಬೆವರಿಸು ಎಂದು ಡಾಕ್ಟರು ಹೇಳಿದ್ದೇ ನೆಪವಾಗಿ, ಬಾಗಿದ ಹ್ಯಾಂಡಲ್ಲಿನ, ಬೆರಳು ದಪ್ಪದ ಟಾಯರಿನ ಸೈಕಲ್ಲೊಂದನ್ನು ಹೈದರಾಬಾದಿನಿಂದ ತಂದಿದ್ದ.

"ಡಾಕ್ಟರ್ ನಡೀರಿ ಅಂದಾರ, ಭಾಲ್ಕಿಗಿ ಹೋಗ್ರಿ ಅಂದಿಲ್ಲ," ಎಂದು ಹೆಂಡತಿ ಕೌಸಲ್ಯಾಬಾಯಿ ಮೊದಲ ವಾರವೇ ಹೇಳಿ ಮುಗಿಸಿದ್ದಳು.

ಸಕ್ಕರೆ ಇಳಿಯಿತು. ಸೈಕಲ್ ಮಾತ್ರ ಬಿಡಲಾಗಲಿಲ್ಲ. ಏರಿನಲ್ಲಿ ತೊಡೆ ಉರಿದು, ಇಳುಕಲಿನಲ್ಲಿ ಗಾಳಿ ಕಿವಿ ತುಂಬಿದಾಗ ನಲವತ್ತು ದಾಟಿದ ಈ ಗಂಡಸು ಒಬ್ಬನೇ ನಗುತ್ತಿದ್ದ. ಖುಷಿ, ಅಷ್ಟೇ. ಆದರೆ ಆ ಮಾತನ್ನು ಯಾರ ಎದುರಿಗೂ ಆಡುವಂತಿರಲಿಲ್ಲ. ಎದುರಿಗೆ ಸಿಗುವವರೆಲ್ಲ ಗಂಟು ಮೂಟೆ ಹೊತ್ತು ಪುಣೆಗೋ ಹೈದರಾಬಾದಿಗೋ ಹೊರಟವರು. "ಎಲ್ಲಿಗಿ ಹೊಂಟೀರಿ ಸರ್?" ಎಂದು ಅವರು ಕೇಳಿದರೆ, "ಎಲ್ಲಿಗಿಲ್ರಿ, ಸುಮ್ನ ಹೊಂಟೇನಿ" ಎಂದು ಹೇಳಬೇಕು. ಹೇಳಿ ಮುಂದೆ ಹೋದ ಮೇಲೆ, ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಅವನಿಗೇ ಗೊಂದಲವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಭಾಲ್ಕಿ ಇನ್ನೂ ದೂರವಿರುವಾಗಲೇ ಸಿಗುವ ಒಂದು ಸಣ್ಣ ಊರಿನ ಏರು ಹತ್ತಿ, ಏದುಸಿರು ಬಿಡುತ್ತ, ಹೆಲ್ಮೆಟ್ಟನ್ನೂ ತೆಗೆಯದೆ ಬೇವಿನ ಮರದ ಕೆಳಗೆ ನಿಂತ. ರಸ್ತೆಗೆ ಹತ್ತಿದ ಮನೆಯಿಂದ ಒಬ್ಬ ಮುದುಕಿ ಬಂದಳು. ಕಂಕುಳಲ್ಲಿ ಕೊಡ. ಏನೋ ಕೇಳಿದಳು. ಮಾತಾಡಲು ಇವನಲ್ಲಿ ಉಸಿರಿರಲಿಲ್ಲ, ಕೈ ಮೇಲೆತ್ತಿ ನಿಲ್ಲು ಎಂದು ಸನ್ನೆ ಮಾಡಿದ. ಮುದುಕಿ ತಲೆಯಾಡಿಸಿ, ಇಡೀ ಕೊಡವನ್ನು ಎತ್ತಿ ಅವನ ನೆತ್ತಿಯ ಮೇಲೆ ಸುರಿದು, ಬಗ್ಗಿ ಕಾಲು ಮುಟ್ಟಿ ಒಳಗೆ ಹೋದಳು.

ಟ್ಯಾಂಕರಿನ ಎದುರು ಒಂದು ಕೊಡಕ್ಕಾಗಿ ಹೆಂಗಸರು ಜುಟ್ಟು ಹಿಡಿದುಕೊಳ್ಳುತ್ತಿದ್ದ ಕಾಲ. ಮಚ್ಛೇಂದ್ರ ತೊಯ್ದು ತೊಪ್ಪೆಯಾಗಿ, ಕಾಲಡಿ ಇಂಗಿ ಹೋಗುತ್ತಿದ್ದ ನೀರು ನೋಡುತ್ತ ನಿಂತುಬಿಟ್ಟ.

ಅರ್ಥವಾದದ್ದು ಭಾಲ್ಕಿಯ ಚಹಾದಂಗಡಿಯಲ್ಲಿ. ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಬೋರಲು ಇಟ್ಟಾಗ ಪಕ್ಕದವನೊಬ್ಬ, "ರೊಟ್ಟಿ ಹಂಚು ಇದ್ದಂಗದ" ಎಂದು ನಕ್ಕ. ಮಚ್ಛೇಂದ್ರನಿಗೆ ಚಹಾ ನೆತ್ತಿಗೇರಿತು. ಗುರ್ಜಿ! ಮಳೆ ಕೈಕೊಟ್ಟ ವರ್ಷ ಊರಿನಲ್ಲಿ ಒಬ್ಬನ ತಲೆಯ ಮೇಲೆ ಹಂಚು ಬೋರಲು ಹಾಕಿ, ಅದರ ಮೇಲೆ ಸಗಣಿಯ ಗುರ್ಜಿ ಬೊಂಬೆ ಕೂಡಿಸಿ, ಮನೆಮನೆಗೆ ತಿರುಗಿಸುತ್ತಾರೆ. ಹೆಂಗಸರು ಅವನ ತಲೆಯ ಮೇಲೆ ನೀರು ಸುರಿಯುತ್ತಾರೆ. ಹೀಗೆ ಮಾಡಿದರೆ ಮಳೆ ಬರುತ್ತದೆಂದು ನಂಬಿಕೆ. ಕಪ್ಪು ಹೆಲ್ಮೆಟ್ಟು, ದಿನಾ ಬೆಳಿಗ್ಗೆ ತಪ್ಪದ ತಿರುಗಾಟ, ಕೇಳಿದರೆ ಬಾಯಿ ಬಿಡದ ವ್ರತ. ಮುದುಕಿಯ ತಪ್ಪೇನೂ ಇರಲಿಲ್ಲ.

ತಪ್ಪಿಲ್ಲದಿದ್ದರೂ ಮಚ್ಛೇಂದ್ರ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಅವನ ಅಜ್ಜ ತನ್ನ ಊರಿನಲ್ಲಿ ಗುರ್ಜಿ ಹೊರುತ್ತಿದ್ದವನು. ಕಟ್ಟೆಯ ಮೇಲೆ ನಿಂತು ಅವನ ತಲೆಗೆ ನೀರು ಸುರಿದ ಊರು, ಅದೇ ನೀರಿನ ಬಾವಿಯ ಹತ್ತಿರ ಅವನನ್ನು ಬಿಟ್ಟುಕೊಂಡಿರಲಿಲ್ಲ. ಅಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡ ದಿನ, ಇನ್ನು ಈ ಮನೆಯಲ್ಲಿ ಹರಕೆಯಿಲ್ಲ, ಮುಡಿಪಿಲ್ಲ ಎಂದು ಹೇಳಿ ಎಲ್ಲಕ್ಕೂ ಕೈ ತೊಳೆದಿದ್ದ. ಈಗ ಮೊಮ್ಮಗ ಹೈದರಾಬಾದಿನ ಸೈಕಲ್ ಹತ್ತಿ ಅದೇ ಗುರ್ಜಿಯಾಗಿದ್ದ. ಅಜ್ಜನ ಕಾಲನ್ನು ಯಾರೂ ಮುಟ್ಟಿರಲಿಲ್ಲ, ಇವನ ಕಾಲು ಮುಟ್ಟಿದ್ದರು. ಸಿಟ್ಟಾಗಬೇಕೋ, ನಗಬೇಕೋ, ಅಳಬೇಕೋ ತಿಳಿಯಲಿಲ್ಲ.

ಎರಡು ದಿನ ಅವನು ಆ ದಾರಿ ಬಿಟ್ಟು ಮನ್ನಳ್ಳಿಯ ಕಡೆ ಹೊಡೆದ. ಏರಿಲ್ಲದ ದಾರಿಯಲ್ಲಿ ಮಜವೇ ಬರಲಿಲ್ಲ. ಮೂರನೆಯ ದಿನ ಕಳ್ಳನ ಹಾಗೆ ಮತ್ತೆ ಭಾಲ್ಕಿ ರಸ್ತೆಗೆ ಬಂದ. ಬೇವಿನ ಮರದ ಹತ್ತಿರ ರಸ್ತೆಯ ನಡುವೆಯೇ ಒಬ್ಬ ಹೆಣ್ಣುಮಗಳು ಕೈ ಅಡ್ಡ ಹಾಕಿ ನಿಂತಿದ್ದಳು.

"ನಿಂದರ್ರಿ ಅಣ್ಣೋರ. ನಿಮ್ಮ ಹರಕಿ ಯಾವಾಗ ಮುಗೀತದ? ಅದೊಂದು ಹೇಳಿ ಹೋಗ್ರಿ."

ಅವಳು ಮೀರಾಬಾಯಿ, ಆ ಮುದುಕಿ ಶಾಲುಬಾಯಿಯ ಸೊಸೆ. ಗಂಡ ನರಸಿಂಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ, ಇವರಿಬ್ಬರಿಗೂ ಇರಲು ಜಾಗ ಮಾಡಿ, ಬರ್ರಿ ಎಂದು ಹೇಳಿ ಕಳಿಸಿದ್ದ. ಕೂಲಿಯವರನ್ನು ಒಯ್ಯುವ ಮುಕಾದಮನ ಟ್ರಕ್ಕು ಶನಿವಾರ ಮುಂಜಾನೆ ಭಾಲ್ಕಿಯಿಂದ ಹೊರಡುವುದಿತ್ತು. ಅದು ತಪ್ಪಿದರೆ ಅಲ್ಲಿಯ ಜಾಗ ಬೇರೆಯವರ ಪಾಲು.

"ಅತ್ತಿ ಬರೋಂಗಿಲ್ಲ ಅಂತಾಳ್ರಿ. ಊರಿನ ಸಲುವಾಗಿ ಒಬ್ಬಾವ ಹರಕಿ ಹೊತ್ತಾನ, ಅವ ತಿರುಗ್ಲಕತ್ತಾಗ ನಾವು ಊರು ಬಿಟ್ರ ಮಳಿ ಮಾರಿ ತಿರುವ್ತದ ಅಂತಾಳ. ಆಕಿಗಿ ಬಿಟ್ಟು ನಾ ಹ್ಯಾಂಗ ಹೋಗ್ಲಿ? ಟ್ಯಾಂಕರ್ ಬಂದು ನಾಕು ದಿನ ಆತು. ಇಲ್ಲಿದ್ದು ಏನ್ ಕುಡೀಬೇಕ್ರಿ?" ಎಂದು ಹೇಳುತ್ತ ಮೀರಾಬಾಯಿ ಅತ್ತೇ ಬಿಟ್ಟಳು.

ಮಚ್ಛೇಂದ್ರ ಸೈಕಲ್ ಮರಕ್ಕೆ ಆನಿಸಿ ಮನೆಯೊಳಗೆ ಹೋದ. ಶಾಲುಬಾಯಿ ಗೋಡೆಗೆ ಒರಗಿ ಕುಳಿತಿದ್ದಳು.

"ಆಯಿ, ನಂದು ಹರಕಿ ಅಲ್ಲ್ರಿ," ಎಂದ.

"ಹೌದಪ್ಪ. ಹೊತ್ತವರು ಹಂಗೇ ಅನಬೇಕು. ಬಾಯಿಬಿಟ್ಟು ಹೇಳಿದ್ರ ಫಲ ಹೋಗ್ತದ."

"ಖರೇನೇ ಹೇಳ್ತೇನಿ ಆಯಿ. ಇದು ಪ್ರ್ಯಾಕ್ಟೀಸು. ಐತವಾರ ನಾನು ನನ್ನ ದೋಸ್ತ ಕೂಡಿ ಬೀದರದಿಂದ ಹೊಂಟು ಔರಾದ, ಕಮಲನಗರ, ಭಾಲ್ಕಿ ಸುತ್ತಿ, ಒಂದೇ ದಿನದಾಗ ಮತ್ತ ಬೀದರಕ್ಕ ಹೋಗೋರಿದ್ದೀವಿ. ಅದರ ಸಲುವಾಗಿ ದಿನಾ ಹೊಡೀತೇನಿ."

ಮುದುಕಿಯ ಕೈಗಳು ತಾವಾಗಿಯೇ ಜೋಡಿಕೊಂಡವು. "ಪ್ರದಕ್ಷಿಣಿ! ಎಲ್ಲಾ ಸೀಮಿಗೂ! ಮೀರಾ, ಕೇಳಿದೇನು? ಐತವಾರ ಮುಗೀತದ. ಅಲ್ಲೀತನಕ ಜಗ್ಗಂಗಿಲ್ಲ ನಾ."

ಮೀರಾಬಾಯಿ ಅವನನ್ನು ನೋಡಿದ ನೋಟಕ್ಕೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಟ್ರಕ್ಕು ಶನಿವಾರ, ಹರಕೆ ಮುಗಿಯುವುದು ಭಾನುವಾರ: ಬಿಡಿಸಲು ಹೋದ ಗಂಟನ್ನು ಇನ್ನೊಂದು ಸುತ್ತು ಬಿಗಿದು ಬಂದಿದ್ದ.

ಆ ಸಂಜೆ ಅಮೀರ ಪಾಶಾನ ಅಂಗಡಿಯಲ್ಲಿ ಕುಳಿತು ಎಲ್ಲ ಹೇಳಿದ. ಪಾಶಾ ಹೊಟ್ಟೆ ಹಿಡಿದು ನಕ್ಕ, ನಕ್ಕಾದ ಮೇಲೆ ಕನ್ನಡಕ ಒರೆಸುತ್ತ ಯೋಚಿಸಿದ.

"ಅರೆ ಮಾಸ್ತರ್, ಜಾಸ್ತಿ ದಿಮಾಗ್ ಖರ್ಚ ಮಾಡಬ್ಯಾಡ್ರಿ. ಟ್ರಕ್ಕು ಶನಿವಾರ. ನೀವು ಐತವಾರದ ಸುತ್ತು ಶುಕ್ರವಾರನೇ ಹೊಡೀರಿ. ಔರಾದ ಕಡಿಂದ ಹೋಗಿ ಭಾಲ್ಕಿ ಕಡಿಂದ ಬರ್ರಿ. ಮುದುಕಿ ಮುಂದ ನಿಂತು, ಮುಗೀತು ಆಯಿ ಅನ್ರಿ. ಕಿಸ್ಸಾ ಖತಮ್."

"ಸುಳ್ಳು ಆಗ್ತದಲ್ಲೊ."

"ಸುತ್ತು ಮುಗಿಯೋದು ಖರೆ ಅದ. ಸುಳ್ಳು ಎಲ್ಲಿ ಬಂತು?"

ಮಚ್ಛೇಂದ್ರನಿಗೆ ಅದು ಸರಿ ಕಂಡಿತು. ಓದಿದವನ ತಲೆಗೆ ಸರಿ ಕಾಣಲು ಎಷ್ಟು ಹೊತ್ತು ಬೇಕು? ಶುಕ್ರವಾರ ಪಾಶಾನಿಗೆ ಜುಮ್ಮಾ ನಮಾಜು, ಬರುವಂತಿರಲಿಲ್ಲ. ಮಾಸ್ತರ ಒಬ್ಬನೇ ಹೊರಟ.

ಅಷ್ಟು ದೂರ ಅವನು ಹಿಂದೆಂದೂ ಹೊಡೆದಿರಲಿಲ್ಲ. ಔರಾದಿನವರೆಗೆ ಹುಮ್ಮಸ್ಸಿತ್ತು. ಕಮಲನಗರದ ಹೊತ್ತಿಗೆ ಬಿಸಿಲು ಮೈ ಸುಡತೊಡಗಿ, ತಂದ ನೀರು ಮುಗಿದು, ಬಾಟಲಿ ತುಂಬಿಸಿಕೊಡಿ ಎಂದು ಹೋಟೆಲಿನವನನ್ನು ಕೇಳಲೂ ನಾಚಿಕೆಯಾಯಿತು. ಅಲ್ಲಿಂದ ಮುಂದಕ್ಕೆ ಹೊಲಗಳಲ್ಲಿ ಒಂದು ಹಸಿರು ಕಡ್ಡಿ ಇಲ್ಲ. ಬೇರೆ ದಿನವಾಗಿದ್ದರೆ ಒಂದು ಟೆಂಪೋಗೆ ಕೈ ಮಾಡಿ, ಸೈಕಲ್ ಅದರೊಳಗೆ ಒಗೆದು, ಮನೆ ಸೇರುತ್ತಿದ್ದ. ಈ ದಿನ ಆಗಲಿಲ್ಲ. ನಡುವೆ ಬಿಟ್ಟರೆ ಮುದುಕಿಗೆ ಏನು ಹೇಳುವುದು? ಹೀಗೆ ಅನ್ನಿಸಿದ್ದೇ ತಡ ಅವನಿಗೆ ಹೆದರಿಕೆಯಾಯಿತು. ಬಿಟ್ಟರೆ ಫಲ ಹೋಗುತ್ತದೆಂದು ಕಾಲು ತುಳಿಯುತ್ತಿದ್ದರೆ, ಅದು ಸೈಕಲ್ ಸವಾರಿಯೋ ಹರಕೆಯೋ? ತಾನು ನಂಬದ್ದನ್ನು ತನ್ನ ಮೊಣಕಾಲು ನಂಬಿದಂತಿತ್ತು. ಹಲಗೆಯ ಮೇಲಿನ ಬಾಣ, ಅಜ್ಜನ ಹಂಚು, ಅಪ್ಪನ ದೀಕ್ಷೆ ಎಲ್ಲ ತಲೆಯಲ್ಲಿ ಕಲಸಿ ಹೋದವು. ಭಾಲ್ಕಿಯಲ್ಲಿ ಚಹಾ ಕೂಡ ಕುಡಿಯದೆ ಮುಂದೆ ಬಂದ.

ಬೇವಿನ ಮರದ ಕೆಳಗೆ ಇಳಿದಾಗ ಹೊತ್ತು ವಾಲಿತ್ತು. ಮರದ ಕಟ್ಟೆಯ ಮೇಲೆ ಕುಸಿದು ಕುಳಿತ. ಅತ್ತೆ ಸೊಸೆ ಇಬ್ಬರೂ ಹೊರಗೆ ಬಂದರು.

"ಮುಗೀತು ಆಯಿ," ಎಂದ. "ಔರಾದ, ಕಮಲನಗರ, ಭಾಲ್ಕಿ, ಎಲ್ಲಾ ಸುತ್ತಿ ಬಂದೆ. ಇನ್ನ ನೀವು ಹೊಂಡ್ರಿ."

ಶಾಲುಬಾಯಿಯ ಮುಖ ಅರಳಿತು. ಸೊಸೆಯ ಕಡೆ ತಿರುಗಿ, "ನೀ ಕಟ್ಟಿಟ್ಟ ಗಂಟು ಬಿಚ್ಚು," ಎಂದಳು.

"ಯಾಕ್ರಿ?" ಎಂದು ಮಚ್ಛೇಂದ್ರ ಬೆಚ್ಚಿದ.

"ಹರಕಿ ಮುಗೀತು ಅಂದ್ರ ಮಳಿ ಬರ್ತದ. ಮಳಿ ಬರೋದಿದ್ರ ನಾ ಪುಣೆಗಿ ಯಾಕ ಹೋಗ್ಲೆಪ್ಪ?"

ಇದು ಅವನ ಭೂಗೋಳಕ್ಕೂ ಹೊಳೆದಿರಲಿಲ್ಲ, ಪಾಶಾನ ಕನ್ನಡಕಕ್ಕೂ ಕಂಡಿರಲಿಲ್ಲ. ಮೀರಾಬಾಯಿ ಬಾಗಿಲಿಗೆ ತಲೆ ಆನಿಸಿ ನಿಂತಳು. ಅವಳು ಅಳಲೂ ಇಲ್ಲ. ಅದನ್ನು ನೋಡಿ ಮಚ್ಛೇಂದ್ರನಿಗೆ ಜಾಣತನವೆಲ್ಲ ಸಾಕೆನ್ನಿಸಿತು.

"ಮಳಿ ಬರಂಗಿಲ್ಲ ಆಯಿ," ಎಂದ. "ಜೂನದಾಗ ಮಿರಗಾ ಮಳಿ ಕೂಡೋತನಕ ಬರಂಗಿಲ್ಲ. ಆಗಾದ್ರೂ ಬರ್ತದೋ ಇಲ್ಲೋ, ನನಗ ಗೊತ್ತಿಲ್ಲ. ನಾವು ಬುದ್ಧನ ಮಂದಿ, ನಮ್ಮನಿಯಾಗ ಹರಕಿನೇ ಇಲ್ಲ. ನಾ ಯಾರ ಸಲುವಾಗಿನೂ ತಿರುಗಿಲ್ಲ. ನನಗ ಸೈಕಲ್ ಹೊಡದ್ರ ಖುಷಿ ಆಗ್ತದ, ಅದಕ್ಕ ಬರ್ತೇನಿ. ಅಷ್ಟೇ. ನೀವು ಒಂದು ಕೊಡ ನೀರು ನನ್ನ ಮ್ಯಾಲ ಸುರುವಿದ್ದು ದಂಡ ಆತು."

ಶಾಲುಬಾಯಿ ಅವನ ಎದುರಿಗೇ ನೆಲದ ಮೇಲೆ ಕುಳಿತಳು.

"ಯಾರ ಮಂದಿ ಅಂತ ನಾ ಕೇಳಿದ್ನೇನು?" ಎಂದಳು. ಆಮೇಲೆ, "ಖುಷಿಗಿ?"

"ಹೌದ್ರಿ."

"ಇಂಥಾ ವರ್ಷದಾಗ?"

ಅವನು ತಲೆ ತಗ್ಗಿಸಿದ. ಬೈದರೆ ಬೈಯಲಿ ಎಂದು ಕಾದ. ಮುದುಕಿ ಬೈಯಲಿಲ್ಲ. ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು, ಅರಿವೆ ಕೊಡವುವ ಸದ್ದು ಕೇಳಿಸಿತು. "ಮೀರಾ, ಬಾ ಇಲ್ಲಿ, ಇದರ ಕಡೀ ಮೂಲಿ ಹಿಡಿ," ಎಂದು ಕೂಗಿದಳು. ಸೊಸೆ ಓಡಿದಳು. ಮಚ್ಛೇಂದ್ರ ಹೋಗಬೇಕೋ ಇರಬೇಕೋ ತಿಳಿಯದೆ ಹಾಗೇ ಕುಳಿತ. ಅವರು ಹೊರಡುವುದು ಅವನಿಗೆ ಬೇಕಾಗಿತ್ತು, ಅದಕ್ಕಾಗಿಯೇ ಇಷ್ಟೆಲ್ಲ ಸುತ್ತಿ ಬಂದಿದ್ದ. ಈಗ ಒಳಗಿನ ಆ ಸದ್ದು ಕೇಳಲಾರದೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ, ಮತ್ತೆ ಕಟ್ಟಿದ.

ಸ್ವಲ್ಪ ಹೊತ್ತಿಗೆ ಮುದುಕಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಮುಂಜಾನಿ ಹೊಂಡ್ತೇವಿ. ನೀವು ದಿನಾ ಇದೇ ದಾರೀಲಿ ಹೋಗ್ತೀರಲ್ಲ?"

"ಹೋಗ್ತೇನಿ ಆಯಿ."

"ಹಂಗಾದ್ರ ಹೋಗ್ತಾ ಬರ್ತಾ ಈ ಬಾಗಲಾ ನೋಡಿ ಹೋಗ್ರಿ. ಯಾರೂ ನೋಡಲಾರದ ಮನಿ ಲಗೂನ ಬೀಳ್ತದ."

"ನೋಡ್ತೇನ್ರಿ. ಖುಷಿಲೇ ನೋಡ್ತೇನಿ."

"ಬ್ಯಾಡಪ್ಪ," ಎಂದಳು ಶಾಲುಬಾಯಿ. "ಖುಷಿಗಿ ಬರಾವ ಒಂದಿನ ಬರ್ತಾನ, ಒಂದಿನ ಬರಂಗಿಲ್ಲ. ಹರಕಿ ಅಂತನೇ ಇರ್ಲಿ."

ತನ್ನ ಮನೆಯಲ್ಲಿ ಹರಕೆಯಿಲ್ಲ ಎಂದು ಮಚ್ಛೇಂದ್ರ ಈಗಷ್ಟೇ ಹೇಳಿದ್ದ. ಎದ್ದು, ಆ ಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಮುದುಕಿ ಅವನ ಉತ್ತರಕ್ಕೆ ಕಾಯದೆ ಗಂಟು ಕಟ್ಟಲು ಒಳಗೆ ಹೋದಳು.