ಗದರಿಸಿದ್ದಕ್ಕೆ ಒಂದು ಇಂಗ್ಲಿಷ್ ಪದ

ನಾನು ಒಂದು ಪದಕೋಶ. ಅರ್ಥ ಹೇಳುವ ಜಾತಿಯವನಲ್ಲ. ಅದು ನಿಘಂಟಿನ ಕಸುಬು. ಹತ್ತಿರದ ಅರ್ಥದ ಇಂಗ್ಲಿಷ್ ಪದಗಳನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿ, ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುವವನು. ಮದರಾಸಿನ ಅಚ್ಚುಕೂಟದಲ್ಲಿ ಹುಟ್ಟಿದೆ. ಕೆಂಪು ಬಟ್ಟೆಯ ರಟ್ಟು, ಬೆನ್ನ ಮೇಲೆ ಬಂಗಾರದ ಅಕ್ಷರ. ಹುಟ್ಟಿನಿಂದಲೇ ಸ್ವಲ್ಪ ಜಂಬ; ಮುಚ್ಚಿಡುವುದೇಕೆ?

ನನ್ನನ್ನು ಮೊದಲು ಕೊಂಡವರು ಗದಗಿನ ಇಂಗ್ಲಿಷ್ ಪ್ರಾಧ್ಯಾಪಕ ಹಂಪಿಹೊಳಿಯವರು. ಉದ್ದ ಪದಗಳೆಂದರೆ ಅವರಿಗೆ ವಿಪರೀತ ಮೋಹ. ಯಾವ ಪುಟ ತೆರೆದರೂ ಅಲ್ಲಿಯ ದಢೂತಿ ಪದಕ್ಕೇ ಅವರ ಕೆಂಪು ಪೆನ್ಸಿಲಿನ ಗೆರೆ. ಗಿಡ್ಡ ಪದಗಳು ಅವರ ಕಣ್ಣಿಗೆ ಬಾಗಿಲಲ್ಲಿ ನಿಂತ ಬಡ ನೆಂಟರು. ಅವರು ಕಳಿಸಿದ ಮದುವೆಯ ಶುಭಾಶಯವನ್ನು ವಧುವಿನ ತಂದೆ ನೋಟೀಸೆಂದು ಹೆದರಿ ವಕೀಲರಿಗೆ ತೋರಿಸಿದ್ದೂ ಉಂಟು. ನಿವೃತ್ತರಾದಾಗ ನನ್ನನ್ನು ಶಿಷ್ಯೆ ಇಂದುಮತಿಯ ಕೈಗಿತ್ತರು: "ತಗೋವಾ, ಇದರಾಗ ಇಲ್ಲದ ಮಾತು ಇಂಗ್ಲಿಷಿನಾಗ ಇಲ್ಲ."

ಇಂದುಮತಿಬಾಯಿ ಕೋರ್ಟಿನಲ್ಲಿ ಭಾಷಾಂತರಕಾರರಾದರು. ಅಪೀಲು ಮೇಲಿನ ಕೋರ್ಟಿಗೆ ಹೋಗುವಾಗ ಸಾಕ್ಷಿಗಳ ಕನ್ನಡ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ. ಅಲ್ಲಿ ನನಗೊಬ್ಬ ಎದುರಾಳಿ ಇದ್ದ: ಮೇಜಿನ ಗಾಜಿನಡಿಯ ಹಳದಿ ಹಾಳೆ. ಯಾವುದೋ ಕಾಲದ ಗುಮಾಸ್ತರು ಟೈಪು ಮಾಡಿಟ್ಟ ರೆಡಿ ಪಟ್ಟಿ. ಈ ಕನ್ನಡ ಪದಕ್ಕೆ ಈ ಇಂಗ್ಲಿಷ್ ಪದ. ಯೋಚಿಸುವ ಗೋಜೇ ಇಲ್ಲ. ಬೆದರಿಸು, ಹೆದರಿಸು, ಗದರಿಸು ಮೂರಕ್ಕೂ ಅದರಲ್ಲಿ ಒಂದೇ ಪದ: ಥ್ರೆಟನ್. ಇದು ಸರಿಯೇ ಎಂದು ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ.

ಒಂದು ದಿನ ರೈಲ್ವೆ ಗೇಟ್‌ಮನ್ ಮೌಲಾಸಾಬರ ಕಡತ ಬಂತು. ರೈಲು ಬರುವ ಹೊತ್ತಿಗೆ ಗೇಟು ತೆಗೆಯೆಂದು ಹಟ ಹಿಡಿದಿದ್ದ ಗುತ್ತಿಗೆದಾರನೊಬ್ಬ, ಮೌಲಾಸಾಬ ತನಗೆ ಜೀವಬೆದರಿಕೆ ಹಾಕಿದನೆಂದು ದೂರಿದ್ದ. ಅವನ ಮಾತನ್ನೇ ನಂಬಿ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಅಪೀಲಿನಲ್ಲೂ ಸೋತರೆ ನೌಕರಿ ಹೋಗುತ್ತದೆ, ಮಾನವೂ. ಕಣ್ಣಾರೆ ನೋಡಿದವಳು ಹೂ ಮಾರುವ ಶಿವಕ್ಕ ಒಬ್ಬಳೇ. ಆಕೆ ಹೇಳಿದ್ದು ಇಷ್ಟು: "ಸಾಬ ಅವನ್ನ ಗದರಿಸಿದ್ರೀ."

ಇಂದುಮತಿಬಾಯಿ ಪಟ್ಟಿ ನೋಡಿ ಥ್ರೆಟನ್ ಎಂದು ಬರೆದರು, ಹೊಡೆದುಹಾಕಿದರು. ನನ್ನನ್ನು ತೆರೆದರು. ರೆಪ್ರಿಮಾಂಡ್? ಅದು ಸಾಹೇಬರು ಕೈಕೆಳಗಿನವರಿಗೆ ಮಾಡುವುದು. ಅಡ್ಮಾನಿಷ್? ಮಠದ ಸ್ವಾಮಿಗಳಿಗೇ ಸೈ. ರಿಬ್ಯೂಕ್ ಕೋಟು ಹಾಕಿಕೊಂಡು ಬಂದಂತಿತ್ತು. ಬೆರಳು ಹಿಂದೆ ಸರಿದು, ಕೆಂಪು ಗೆರೆ ಎಂದೂ ಸೋಕದ ಗಿಡ್ಡ ಪದವೊಂದರ ಮೇಲೆ ನಿಂತಿತು: ಸ್ಕೋಲ್ಡ್.

ಅಷ್ಟರಲ್ಲಿ ಶಿರಸ್ತೇದಾರ ಕಟ್ಟಿಯವರು ಬಂದು ಸಿಡಿದರು. "ಏನ್ ಬಾಯಾರ, ಮುಂಜಾನಿಂದ ಒಂದು ಪುಟ ಆಗಿಲ್ಲಾ? ಪಟ್ಟಿ ಕಣ್ಣಿಗೆ ಕಾಣಂಗಿಲ್ಲೇನು? ಅದರಾಗ ಇದ್ದದ್ದು ಬರೀರಿ, ಸಾಕು!"

"ಸಾಹೇಬ್ರ, ಈಗ ನೀವು ನನಗ ಏನ್ ಮಾಡಿದ್ರಿ?"

"ಏನ್ ಮಾಡಿದೆ? ಗದರಿಸಿದೆ!"

"ಪಟ್ಟಿ ಪ್ರಕಾರ ಬೆದರಿಕಿ ಹಾಕಿದ್ರಿ."

ಕಟ್ಟಿಯವರು ಗಾಜಿನೊಳಗೆ ಇಣುಕಿದರು. ನನ್ನ ಪುಟ ನೋಡಿದರು. "ಸ್ಕೋಲ್ಡ್... ನಮ್ಮವ್ವ ದಿನಾ ಮಾಡ್ತಿದ್ಳು," ಎಂದು ಗೊಣಗಿ ಅನುವಾದಕ್ಕೆ ಸಹಿ ಹಾಕಿದರು. ಹೋಗುವಾಗ ಗಾಜೆತ್ತಿ ಹಳದಿ ಹಾಳೆಯನ್ನೂ ಒಯ್ದರು.

ಎಂಟು ತಿಂಗಳಾದ ಮೇಲೆ ಮೌಲಾಸಾಬರು ಪೇಡೆಯ ಪೊಟ್ಟಣ ಹಿಡಿದು ಬಂದರು. ಬಿಡುಗಡೆಯಾಗಿತ್ತು. ತೀರ್ಪಿನಲ್ಲಿ ನನ್ನ ಪದ ಎರಡು ಸಲ ಬಂದಿತ್ತು.

"ಬಾಯಾರ, ನಾ ಏನ್ ಮಾಡೀನಂತ ಬರದ್ರಿ ನೀವು?"

"ನೀವು ಮಾಡಿದ್ದನ್ನ ಬರದೆ."

ಅವರಿಗೆ ತೋರಿಸಲೆಂದು ಇಂದುಮತಿಬಾಯಿ ಪೇಡೆ ತಿಂದ ಕೈಯಲ್ಲೇ ನನ್ನನ್ನು ತೆರೆದು ಆ ಪದದ ಮೇಲೆ ಬೆರಳಿಟ್ಟರು.

ಈಗ ನಾನು ಇಂದುಮತಿಬಾಯಿಯವರ ಮನೆಯ ಕಪಾಟಿನಲ್ಲಿದ್ದೇನೆ. ಬೆನ್ನಿಗೆ ಅಂಟುಪಟ್ಟಿ, ಬಂಗಾರವೆಲ್ಲ ಉದುರಿದೆ. ಪದ ಬೇಕಾದವರು ಫೋನು ಒತ್ತುತ್ತಾರೆ, ಒತ್ತಲಿ. ಪ್ರಾಧ್ಯಾಪಕರ ನೂರಾರು ಕೆಂಪು ಗೆರೆಗಳು ಮಸುಕಾಗಿವೆ. ಗಿಡ್ಡ ಪದದ ಮೇಲಿನ ಪೇಡೆಯ ಜಿಡ್ಡು ಮಾತ್ರ ಹಾಗೇ ಇದೆ.