ಕಂಪನಿಯಮ್ಮ

ಟೇಪು ಸರ್ರಂತ ಒಳಗೆ ಸೇರಿಕೊಂಡ ಸದ್ದು, ಹಾವು ಹುತ್ತಕ್ಕೆ ಹೋದಂಗೆ, ಇನ್ನೆಷ್ಟು ಸಲ ಈ ಮನೆ ಅಳೆಯುತ್ತಾಳೋ ಈ ಹುಡುಗಿ ಅಂದುಕೊಂಡಳು ಚೌಡಕ್ಕ, ಅಕ್ಷಿತಾ ಅಂತೆ ಹೆಸರು, ಹಳೇ ಕಟ್ಟಡ ಉಳಿಸೋ ಇಂಜಿನಿಯರಂತೆ, ಹೊನ್ನಾಳಿ ಬಸ್ಸಿಳಿದು ಹೊಳೆದಂಡೆ ತನಕ ನಡೆದೇ ಬಂದಿದ್ದಾಳೆ, ಆದರೂ ಬಾಗಿಲ ಪಕ್ಕದ ಕಲ್ಲಿನೆದುರು ಚಪ್ಪಲಿ ಬಿಟ್ಟು ಕೂತಳಲ್ಲ, ಹೆತ್ತವರು ಕಲಿಸವ್ರೆ — ಅಜ್ಜಿ, ಈ ಕಲ್ಲಿನ ಮೇಲೆ ಕಂಪನಿ ಹೆಸರು, ಇಸವಿ ಇಂಗ್ಲಿಷಲ್ಲಿ ಕೆತ್ತಿರಬೇಕು, ಅದು ಕಂಡರೆ ಮನೆ ಸರ್ಕಾರ ಉಳಿಸೋ ಕಟ್ಟಡಗಳ ಪಟ್ಟಿಗೆ ಸೇರುತ್ತೆ, ಆಮೇಲೆ ಯಾರೂ ಕೆಡವೋಕಾಗಲ್ಲ, ಕಾಣದಿದ್ದರೆ ನನ್ನ ಕೈಲಿ ಏನೂ ಇಲ್ಲ. ಕಾಣೋದು ಹೆಂಗೆ ಮಗಳೇ, ನಲವತ್ತು ವರ್ಷದ ಕುಂಕುಮ, ಹರಳೆಣ್ಣೆ, ಮಂಗಳವಾರ ಮಂಗಳವಾರ ಈ ಕೈಯಲ್ಲೇ ಮೆತ್ತಿ ಮೆತ್ತಿ ರೊಟ್ಟಿ ಹಂಗೆ ಕಟ್ಟೈತೆ, ಅದರ ಮೇಲೆ ಎರಡು ಬೆಳ್ಳಿ ಕಣ್ಣು, ಕೆಳಗಿನ ಕೇರಿ ಶೈಲಾ ಹರಕೆ ಹೊತ್ತು ಕೂಸು ಹುಟ್ಟಿದ ಮೇಲೆ ತಂದಿದ್ದು, ಅರಗು ಹಚ್ಚಿ ಅಂಟಿಸಿದ್ದು, ಎತ್ತ ಕೂತರೂ ನೋಡ್ತಾವೆ.

ಕಲ್ಲು ಮುಟ್ಟಿದ್ರೆ ಊರು ಸುಮ್ನಿರಲ್ಲ ಮೇಡಂ — ಇದು ಕೆಂಚೇಶ, ಗುಡಿ ಕಮಿಟಿಯವನು, ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕಡ್ಲೆಬೀಜ ಸುಲಿಯುತ್ತ — ನಾಳೆ ಜೆಸಿಬಿ ಬರ್ತೈತೆ, ಈ ಮುರುಕು ಮನೆ ತೆಗೆಸಿ ತಾಯಿಗೆ ಆರ್‌ಸಿಸಿ ಗುಡಿ, ಟೈಲ್ಸು, ಮೇಲೊಂದು ಫ್ಯಾನು, ಏನಜ್ಜಿ, ತಾಯಿಗೂ ಸೆಕೆ ಆಗ್ತೈತಲ್ಲ? ನಗ್ತಾನೆ, ಕೆಟ್ಟವನಲ್ಲ, ಮುರುಕು ಮನೆ ಅಂತಾನೆ ಅಷ್ಟೇ, ಹೊಳೆ ತುಂಬಿ ಊರಿಗೆ ನುಗ್ಗಿದ ವರ್ಷ ಮೂರು ದಿನ ಊರೆಲ್ಲ ಇದರ ಅಟ್ಟದ ಮೇಲೆ, ನಿಮ್ಮವ್ವ ಮೂಲೆಯಲ್ಲಿ ಸೀರೆ ಮರೆಗೆ ಹಲ್ಲು ಕಚ್ಚಿಕೊಂಡು, ನಿನ್ನ ಹೊಕ್ಕುಳಬಳ್ಳಿ ಕೊಯ್ದ ಕೈ ಇದು ಕಣೋ, ಸಾಗುವಾನಿ ತೊಲೆ ಒಂದು ಕೂದಲೆಳೆ ಅಲ್ಲಾಡಲಿಲ್ಲ, ಮರದ ಕಂಪನಿಯವರು ಕಟ್ಟಿಸಿದ್ದು, ಮೇಲಿನ ಕಾಡಿನ ದಿಮ್ಮಿ ಹೊಳೆಯಲ್ಲಿ ತೇಲಿ ಬಂದು ಇಲ್ಲೇ ದಂಡೆ ಹತ್ತುತ್ತಿದ್ದವಂತೆ, ಮಾವ ಹೇಳೋರು, ದೋಣಿ, ತೆಪ್ಪ, ಜನ, ನಮ್ಮ ಪಾಲಿಗೆ ಇದೇ ಬಂದರು, ಅತ್ತ ಸೇತುವೆ ಆದಮೇಲೆ ಇತ್ತ ನಾಯಿನೂ ಸುಳಿಯಲ್ಲ. ಬೇಕಾದ್ರೆ ಅಜ್ಜಿನೇ ಕೇಳ್ರಿ ಮೇಡಂ, ಅಂದ ಕೆಂಚೇಶ, ತಾಯಿ ಮೊದಲು ಬಂದಿದ್ದೇ ಅವಳ ಮೈಮೇಲೆ.

ಬಂದಿದ್ದಳಾ? ಹನುಮಂತಪ್ಪ ಹರಳೆಣ್ಣೆಗೆ ಕುಂಕುಮ ಕಲಸುತ್ತಿದ್ದಾನೆ, ಗಂಡ, ಈ ಮನೆ ಕಾಯುತ್ತಿದ್ದವನು, ಸತ್ತು ಹನ್ನೊಂದು ವರ್ಷ, ಆದರೂ ನಲವತ್ತು ವರ್ಷದ ಹಿಂದಿನ ಆ ರಾತ್ರಿಯಲ್ಲಿ ಕಲಸುತ್ತಲೇ ಇದ್ದಾನೆ — ಯಾವನೋ ಕಂಟ್ರಾಕ್ಟರು ಗೋಡೌನಿಗೆ ಅಂತ ನಾಳೆ ಈ ಮನೆ ಕಲ್ಲು ಕೀಳಾಕೆ ಬರ್ತಾನೆ ಕಣೇ, ನಾನು ಕಾಲು ಹಿಡಿದರೆ ಕೇಳ್ತಾನಾ, ಬಾಗಿಲ ಕಲ್ಲಿಗೆ ಇದನ್ನ ಮೆತ್ತಿ ದೇವರು ಮಾಡ್ತೀನಿ, ನೀನು ಮೈಮೇಲೆ ಬಂದಂಗೆ ಒಂದೀಟು ಕುಣಿದುಬಿಡು. ಥೂ, ನಾಚಿಕೆ ಆಗಲ್ವಾ ನಿನಗೆ. ಆಗ್ತೈತೆ, ಆದರೆ ಮನೆ ಹೋಗ್ತೈತಲ್ಲ. ಮಾರನೇ ದಿನ ತುರುಬು ಬಿಚ್ಚಿ ಕುಣಿದಳು, ನನ್ನ ಮನೆ ಮುಟ್ಟಬ್ಯಾಡ್ರೋ ಅಂದಳು, ಹಾರೆ ಹಿಡಿದವರು ಹಿಂದೆ ಸರಿದರು, ಯಾರವ್ವಾ ನೀನು ಅಂತ ಒಬ್ಬ ಕೈಮುಗಿದ, ಅಯ್ಯೋ, ಅದನ್ನ ಗಂಡ ಹೆಂಡತಿ ಯೋಚಿಸಿಯೇ ಇರಲಿಲ್ಲವಲ್ಲ, ದೇವರಿಗೊಂದು ಹೆಸರು, ಬಾಯಿಗೆ ಬಂದಿದ್ದು ಕಂಪನಿ, ಕಂಪನಿ ಅಂದಳು, ಕಂಪನಿಯಮ್ಮಾ ಅಂತ ಜನ ಅಡ್ಡಬಿದ್ದರು, ಹನುಮಂತಪ್ಪ ಟವೆಲ್ಲು ಬಾಯಿಗೆ ತುರುಕಿಕೊಂಡ, ನಗು. ಅಲ್ಲಿತನಕ ನೆನಪೈತೆ. ಆಮೇಲಿನದು ಎಷ್ಟು ತಡಕಿದರೂ ಸಿಗಲ್ಲ, ಅಂಗೈ ಮೇಲೆ ಕರ್ಪೂರ ಉರಿಸಿದಳಂತೆ, ಒಂದು ಬೊಬ್ಬೆ ಏಳಲಿಲ್ಲವಂತೆ, ಅದನ್ನ ಯಾರು ಹೇಳಿಕೊಟ್ಟಿದ್ದರು, ಗಂಡನೂ ಹೇಳಿಕೊಟ್ಟಿರಲಿಲ್ಲ, ಅವತ್ತಿಂದ ಅವನೂ ನಗಲಿಲ್ಲ.

ಈಗ ಬಾಯಿ ಬಿಟ್ಟರೆ ಸತ್ತ ಗಂಡ ಸುಳ್ಳ, ತಾನು ಕಳ್ಳಿ, ನನ್ನ ಕೂಸು ಯಾರು ಕೊಟ್ಟಿದ್ದು ಹಂಗಾದರೆ ಅಂತ ಶೈಲಾ ಕೇಳಿದರೆ ಏನು ಹೇಳೋದು, ಬಾಯಿ ಬಿಡದಿದ್ದರೆ ಮನೆ ಉಳಿಸಿದ ಸುಳ್ಳೇ ನಾಳೆ ಮನೆ ನುಂಗ್ತೈತೆ, ಅಕ್ಷಿತಾ ಚೀಲಕ್ಕೆ ಟೇಪು ಹಾಕುತ್ತಿದ್ದಾಳೆ, ಹೊರಟಳು, ಹೊರಟೇಬಿಟ್ಟಳು, ಬೆಳ್ಳಿ ಕಣ್ಣು ನೋಡ್ತಾವೆ — ಮೊಣಕಾಲು ಹಿಡಿದು ಎದ್ದಳು. ಎಲ್ಲಿಗಜ್ಜಿ? ತಾಯಿ ಮುಖ ತೊಳಿಬೇಕಪ್ಪ. ಇವತ್ತು ಮಂಗಳವಾರ ಅಲ್ವಲ್ಲ. ಅವಳ ಮುಖ ತೊಳಿಯಾಕೆ ನಿನ್ನ ಕಮಿಟಿ ಕೇಳಬೇಕೇನೋ? ಕೆಂಚೇಶನ ಮಡಿಲಿಂದ ಕಡ್ಲೆಬೀಜ ಚೆಲ್ಲಿತು, ಏನೋ ಕೂಗಿದ, ಅಷ್ಟರಲ್ಲಿ ಬಲಗಣ್ಣಿನ ಅಡಿಗೆ ಉಗುರು, ಅರಗು ಬಿಡಲೊಲ್ಲದು, ತಪ್ಪಾಯ್ತು ತಾಯಿ, ತಪ್ಪಾಯ್ತು ಕಣಯ್ಯಾ, ಯಾರಿಗೆ ಹೇಳ್ತಿದ್ದೀನಿ, ಟಕ್ ಅಂತ ಕಣ್ಣು ಅಂಗೈಗೆ ಬಿತ್ತು, ಹಿಂದಿನ ಕುಂಕುಮದ ಹೆಕ್ಕಳೆಯೂ ಕಳಚಿತು, ಅಕ್ಷಿತಾ ಓಡಿ ಬಂದು ಬಗ್ಗಿದಳು, ಅಜ್ಜಿ, ಅಕ್ಷರ, ಇಲ್ಲಿ ಅಕ್ಷರ ಇದೆ — ಅಕ್ಷರವಂತೆ, ಚೌಡಕ್ಕನಿಗೆ ಓದಾಕೆ ಬರಲ್ಲ, ಅವಳಿಗೆ ಕಾಣೋದು ಕಲ್ಲಿನಲ್ಲಿ ಆಳಕ್ಕೆ ಕೊರೆದ ಗುಂಡನೆಯದೊಂದು, ಕಣ್ಣು ಕಿತ್ತ ಜಾಗದಲ್ಲಿ ಇನ್ನೊಂದು ಕಣ್ಣು, ರೆಪ್ಪೆ ಇಲ್ಲದ್ದು, ಅವಳನ್ನೇ, ಅವಳನ್ನೇ ನೋಡ್ತೈತೆ.